ಗ್ಯಾರೇಜಿನಲ್ಲಿ ಬಾಣಂತನ

ಆ ದಿನ ಗ್ಯಾರೇಜಿನ ಬಾಗಿಲನ್ನು ಎಳೆದು ಮುಚ್ಚಿದವಳು ನಾನು. ನನ್ನ ತಂಗಿಯ ಗಂಡ ಮಹಾಂತೇಶ ಅಲ್ಲ. ಹೆಂಡತಿಯನ್ನೂ ಹಸುಗೂಸನ್ನೂ ತಮ್ಮ ಕೈಯಾರೆ ಕಳೆದುಕೊಳ್ಳುತ್ತಿದ್ದೆ ಎಂದು ನಂಬಿಕೊಂಡು ಅವರು ಎಂಟು ವರ್ಷ ಬದುಕಿದ್ದಾರೆ. ಹಾಗೆ ನಂಬಿಸಿದವಳೂ ನಾನೇ. ಒಂದೇ ಒಂದು ಮಾತಿನಿಂದ — ಅದೂ ಕೂಗಿ ಹೇಳಿದ್ದಲ್ಲ, ತಲೆ ತಗ್ಗಿಸಿ, ಮೆಲ್ಲಗೆ.

ನಾನು ಓದಿದ್ದು ಏಳನೇ ಇಯತ್ತೆಯವರೆಗೆ. ವಾರಪತ್ರಿಕೆ ಸಿಕ್ಕರೆ ಕೊನೆಯ ಪುಟದವರೆಗೂ ಓದುತ್ತೇನೆ, ಆದರೆ ಬರೆದು ರೂಢಿಯಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯಲು ನೋಡುತ್ತೇನೆ. ಎಲ್ಲಿ ನನ್ನ ಮಾತು ತೀರ ನುಣುಪಾಗುತ್ತದೋ ಅಲ್ಲಿ ನನ್ನನ್ನು ನಂಬಬೇಡಿ.

ನಮ್ಮೂರು ಗದಗಿನ ಕಡೆ. ಅವ್ವ ತೀರಿಕೊಂಡಾಗ ಗಿರಿಜಾ ಇನ್ನೂ ಲಂಗ ತೊಡುವ ಹುಡುಗಿ. ಅವಳ ತಲೆ ಬಾಚಿದ್ದು, ಬುತ್ತಿ ಕಟ್ಟಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು ನಾನು. ಇದನ್ನು ಹೇಳುವುದು ನನ್ನ ತಪ್ಪು ಹಗುರವಾಗಲಿ ಎಂದಲ್ಲ. ಅವಳು ನನ್ನನ್ನು ಎಷ್ಟು ನಂಬಿದ್ದಳು ಎಂಬುದು ನಿಮಗೆ ತಿಳಿಯಬೇಕು, ಅದಕ್ಕೆ. ಅವಳು ಡಾಕ್ಟರಾದಳು, ಇಂಗ್ಲೆಂಡಿಗೆ ಹೋದಳು, ಎಂಜಿನಿಯರ್ ಆಗಿದ್ದ ಮಹಾಂತೇಶರನ್ನು ಮದುವೆಯಾಗಿ ಬರ್ಮಿಂಗ್‌ಹ್ಯಾಮಿನ ಹತ್ತಿರ ಸಟನ್ ಕೋಲ್ಡ್‌ಫೀಲ್ಡಿನಲ್ಲಿ ಮನೆ ಮಾಡಿದಳು. ಚೊಚ್ಚಲ ಬಸುರಿಯಾದಾಗ ಫೋನಿನಲ್ಲಿ ಅಂದಳು — "ಅಕ್ಕಾ, ಅವ್ವನ ಕೈ ಬಾಣಂತನ ನನಗ ಸಿಗೂದಿಲ್ಲ. ನಿನ್ನ ಕೈದಾದ್ರೂ ಸಿಗಲಿ. ಬಾ."

ಆರು ತಿಂಗಳ ವೀಸಾದ ಮೇಲೆ ಹೋದೆ. ಸೂಟ್‌ಕೇಸಿನ ತುಂಬ ಬಾಣಂತಿಯ ಉಂಡೆ, ಪಾಯಸಕ್ಕೆಂದು ಅಂಟು, ಅಳವಿ ಬೀಜ, ಒಣಕೊಬ್ಬರಿ; ಜೊತೆಗೆ ಬಜೆ, ಲೋಬಾನ.

ನಮ್ಮ ಕಡೆ ಬಾಣಂತಿಯನ್ನು ಹೇಗೆ ನೋಡಿಕೊಳ್ಳುತ್ತಾರೆ ಎಂಬುದು ಕೆಲವರಿಗೆ ಗೊತ್ತಿರಲಿಕ್ಕಿಲ್ಲ. ಎಣ್ಣೆ ಹಚ್ಚಿ, ಸುಡುಸುಡು ನೀರು ಹಾಕಿ, ಹೊರಸಿನ ಮೇಲೆ ಮಲಗಿಸುತ್ತಾರೆ. ಹೊರಸಿನ ಕೆಳಗೆ ಅಗ್ಗಿಷ್ಟಿಕೆ. ಕೆಂಡದ ಮೇಲೆ ಲೋಬಾನ ಉದುರಿಸಿ, ಆ ಹೊಗೆಯನ್ನು ಒದ್ದೆ ಕೂದಲಿಗೂ ಕೂಸಿನ ಮೈಗೂ ಹಿಡಿಯುತ್ತಾರೆ. ಬಾಣಂತಿಗೆ ಗಾಳಿ ತಾಗಬಾರದು. ಗಾಳಿ ತಾಗಿದರೆ ನಡುಕ ಹತ್ತುತ್ತದೆ, ಸನ್ನಿಯಾಗುತ್ತದೆ ಎಂದು ನಾನು ಚಿಕ್ಕಂದಿನಿಂದ ಕೇಳಿ ಬೆಳೆದವಳು. ಕೂಸಿಗಿಂತ ಹೆಚ್ಚಾಗಿ ಗಾಳಿಯನ್ನು ಕಾಯುತ್ತಿದ್ದೆ ಎಂದು ಈಗ ಅನಿಸುತ್ತದೆ.

ಹೆಣ್ಣು ಹೆತ್ತು ಗಿರಿಜಾ ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ದಿನ ಅದನ್ನು ಬಚ್ಚಲುಮನೆಯ ಬಾಗಿಲಲ್ಲೇ ಮಾಡಲು ಹೋದೆ. ಹೊಗೆ ಎದ್ದದ್ದೇ ತಡ, ಪಡಸಾಲೆಯ ಮಾಡಿಗೆ ಅಂಟಿಸಿದ್ದ ಯಂತ್ರ ಇಡೀ ಓಣಿ ಕೇಳುವ ಹಾಗೆ ಚೀರತೊಡಗಿತು. ಮಹಾಂತೇಶ ಕುರ್ಚಿ ಹತ್ತಿ ಟವೆಲ್ಲಿನಿಂದ ಗಾಳಿ ಬೀಸಿ ಅದನ್ನು ಸುಮ್ಮನಾಗಿಸಿದರು. ಕೆಳಗಿಳಿದು ನನ್ನ ಅಗ್ಗಿಷ್ಟಿಕೆಯನ್ನು ನೋಡಿ, "ಅಕ್ಕಾರ, ಬಾಣಂತನ ಮಾಡಾಕತ್ತೀರೋ, ಬದನೀಕಾಯಿ ಸುಡಾಕತ್ತೀರೋ?" ಎಂದರು.

"ಸುಟ್ಟ ಬದನೀಕಾಯಿ ಪಲ್ಯಾ ಬೇಕಂದ್ರ ಬಾಯಿ ಮುಚ್ಚಿಕೊಂಡು ಹೋಗಿ ಇದ್ದಿಲು ತರ್ರಿ," ಅಂದಳು ಗಿರಿಜಾ, ಹಾಸಿಗೆಯಿಂದಲೇ.

"ಇಷ್ಟು ಓದಿ ಡಾಕ್ಟರಾಗಿ ಕಡೀಗೆ ಇದ್ದಿಲ ಮ್ಯಾಲೇ ಬಂದು ಕುಂತಿ ನೋಡು."

ಇಬ್ಬರೂ ನಕ್ಕರು. ನಾನೂ ನಕ್ಕೆ. ಆದರೆ ಆ ಬದನೆಕಾಯಿಯ ಮಾತು ನನ್ನೊಳಗೆ ಮುಳ್ಳಿನಂತೆ ಉಳಿಯಿತು. ನನಗೆ ತಿಳಿದಿದ್ದು ಅದೊಂದೇ ವಿದ್ಯೆ. ಅದನ್ನು ಕಂಡು ನಕ್ಕರಲ್ಲ ಎಂದು — ಇಷ್ಟು ಸಣ್ಣ ಸಂಗತಿ. ಆದರೂ ಬರೆದಿಡುತ್ತೇನೆ.

ಗ್ಯಾರೇಜನ್ನು ಆರಿಸಿದ್ದು ನಾನೇ. ಅಲ್ಲಿ ಚೀರುವ ಯಂತ್ರ ಇರಲಿಲ್ಲ. ಅಲ್ಲಿ ಕಾರು ನಿಲ್ಲಿಸುತ್ತಿರಲಿಲ್ಲ, ಅದು ಯಾವಾಗಲೂ ಅಂಗಳದಲ್ಲೇ. ಒಳಗೆ ಎರಡನೇ ಫ್ರೀಜರು, ಅಕ್ಕಿಯ ಚೀಲಗಳು, ಹಬ್ಬದ ದೊಡ್ಡ ಪಾತ್ರೆಗಳು. ಅಡುಗೆಮನೆಯಿಂದ ಒಂದು ಬಾಗಿಲು, ಮುಂದೆ ಅಂಗಳದ ಕಡೆ ಮೇಲಕ್ಕೆತ್ತುವ ಅಗಲದ ತಗಡಿನ ಬಾಗಿಲು. ಚಳಿಯೆಂದರೆ ಎಂಥ ಚಳಿ — ಬರಿ ಇಟ್ಟಿಗೆಯ ಗೋಡೆ, ಕಾಂಕ್ರೀಟು ನೆಲ, ಉಸಿರು ಬಿಟ್ಟರೆ ಕಣ್ಣೆದುರೇ ಬೆಳ್ಳಗೆ ನಿಲ್ಲುತ್ತಿತ್ತು. ಫ್ರೀಜರು ಬಂದ ರಟ್ಟಿನ ಪೆಟ್ಟಿಗೆಯನ್ನು ಬಿಡಿಸಿ ನೆಲಕ್ಕೆ ಹಾಸಿದೆ. ಅದರ ಮೇಲೆ ಜಮಖಾನೆ. ಗೋಡೆಗೆ ಹಳೆಯ ಪರದೆಗಳನ್ನು ತೂಗುಹಾಕಿದೆ. ಅಕ್ಕಿಯ ಚೀಲಗಳನ್ನು ಸುತ್ತ ಒಟ್ಟಿ ಮರೆ ಮಾಡಿದೆ. ಮಡಚುವ ಮಂಚ ತಂದು ನಡುವೆ ಇಟ್ಟೆ. ಆ ಊರಿಗೆ ಹೋದ ಮೇಲೆ ಮೊದಲ ಸಲ ನನಗೆ ನಾನು ಬೇಕಾದವಳು ಅನಿಸಿತು.

ಗಿರಿಜಾ ಬಂದು ಎಲ್ಲ ನೋಡಿದಳು. ನನ್ನನ್ನೂ ಗಂಡನನ್ನೂ ನಿಲ್ಲಿಸಿಕೊಂಡು ಒಂದು ಮಾತು ಹೇಳಿದಳು.

"ಅಕ್ಕಾ, ಮುಂದಿನ ಬಾಗಲಾ ಸೊಂಟದ ಮಟ ತೆಗೆದಿರಬೇಕು. ಇದ್ದಿಲು ಉರಿಯೂ ತನಕ ತೆಗೆದ ಇರಬೇಕು. ಮುಚ್ಚಿದ್ರ ಒಳಗ ವಿಷಗಾಳಿ ತುಂಬತೈತಿ. ಅದು ಕಣ್ಣಿಗೆ ಕಾಣೂದಿಲ್ಲ, ವಾಸನಿನೂ ಇಲ್ಲ. ಮನಷ್ಯಾ ನಿದ್ದಿ ಬಂದಂಗ ಮಲಗ್ತಾನ, ಏಳೂದಿಲ್ಲ." ಆಮೇಲೆ ಮಹಾಂತೇಶರ ಕಡೆ ತಿರುಗಿ, "ನೀವೂ ಕೇಳ್ರಿ. ಹೊರಗ ಹೋಗ್ತ ಎಳದು ಒದಿಯೂ ಚಟ ಬಿಡ್ರಿ," ಎಂದಳು.

ಆ ಚಟ ಇದ್ದದ್ದು ನಿಜ. ಹಿಂದೊಮ್ಮೆ ಗ್ಯಾರೇಜಿನಿಂದ ಅವರ ಸೈಕಲ್ ಕಳುವಾಗಿತ್ತು. ಅಂದಿನಿಂದ ಹೊರಗೆ ಬಂದಾಗೆಲ್ಲ ಬಾಗಿಲನ್ನು ಎಳೆದು, ಕೆಳಗಿನ ಅಂಚಿಗೆ ಬೂಟುಗಾಲಿನಿಂದ ಒಂದು ಒದೆ ಕೊಟ್ಟು ಕೂರಿಸುತ್ತಿದ್ದರು. ಧಡ್ ಎಂದು ಸದ್ದಾದರೆ ಮಹಾಂತೇಶ ಹೊರಟರು ಎಂದು ನಮಗೆ ತಿಳಿಯುತ್ತಿತ್ತು.

ನಾನು ಹೂಂ ಎಂದು ತಲೆಯಾಡಿಸಿದೆ. ಮನಸ್ಸಿನಲ್ಲಿ ನಂಬಲಿಲ್ಲ. ನಮ್ಮೂರಲ್ಲಿ ಎಷ್ಟು ಬಾಣಂತಿಯರು ಕೆಂಡದ ಮೇಲೆ ಮಲಗಿ ಎದ್ದಿಲ್ಲ? ನಮ್ಮ ಮಾಳಿಗೆ ಮನೆಗಳಿಗೆ ತಲೆಯ ಮೇಲೆ ಬೆಳಕಿಂಡಿ ಇರುತ್ತದೆ, ಕದದ ಸಂದುಗಳಲ್ಲಿ ಬೆರಳು ತೂರುತ್ತದೆ, ಆ ತಾಯಂದಿರನ್ನು ಉಳಿಸಿದ್ದು ಆ ತೂತುಗಳೇ — ಇದು ನನಗೆ ಹೊಳೆಯಲಿಲ್ಲ. ಅಗ್ಗಿಷ್ಟಿಕೆಯನ್ನು ಸಮುದ್ರ ದಾಟಿಸಿ ತಂದೆ, ಬೆಳಕಿಂಡಿಯನ್ನು ಊರಲ್ಲೇ ಬಿಟ್ಟು ಬಂದೆ. ತಿಳಿಯದೆ ಮಾಡಿದ್ದು ಎಂದು ಹೇಳಲೂ ಬಾರದು. ತಿಳಿದವಳು ಬಾಯಿ ಬಿಟ್ಟು ಹೇಳಿದ್ದಳು.

ಕೆಲವು ದಿನ ಎಲ್ಲ ಸರಿಯಾಗಿಯೇ ನಡೆಯಿತು. ಆ ಒಂದು ಬೆಳಿಗ್ಗೆ ಹೊರಗೆ ಹುಲ್ಲಿನ ಮೇಲೆಲ್ಲ ಉಪ್ಪು ಚೆಲ್ಲಿದ ಹಾಗೆ ಹಿಮ. ಗಿರಿಜಾಳಿಗೂ ಕೂಸಿಗೂ ನೀರು ಹಾಕಿ ತಂದು ಮಲಗಿಸಿದ್ದೆ. ರಾತ್ರಿಯೆಲ್ಲ ಕೂಸು ಮಲಗಗೊಟ್ಟಿರಲಿಲ್ಲ. ಗಿರಿಜಾ ಶಾಲು ತಲೆತುಂಬ ಹೊದ್ದು ಗೋಡೆಯ ಕಡೆ ಹೊರಳಿದವಳು ಆಗಲೇ ನಿದ್ದೆ ಹೋದಳು. ಕೂಸು ಅವಳ ಮಗ್ಗುಲಲ್ಲಿ. ಮಹಾಂತೇಶ ಬಾಗಿಲ ಕೆಳಗೆ ಬಗ್ಗಿ ಒಳಗೆ ಬಂದರು. ಕಾರಿನ ಗಾಜಿನ ಹಿಮ ಕರಗಿಸುವ ಸ್ಪ್ರೇ ಅಲ್ಲಿನ ಹಲಗೆಯ ಮೇಲಿತ್ತು. ಅದನ್ನು ತೆಗೆದುಕೊಂಡು, "ಮಲಗ್ಯಾರೇನ್ರಿ?" ಎಂದು ಪಿಸುಮಾತಿನಲ್ಲಿ ಕೇಳಿ, ಬಂದ ಹಾಗೇ ಬಗ್ಗಿ ಹೊರಗೆ ಹೋದರು. ಬಾಗಿಲನ್ನು ಮುಟ್ಟಲಿಲ್ಲ. ಕಾರು ಹೊರಟ ಸದ್ದು ಓಣಿಯ ತಿರುವಿನವರೆಗೂ ಕೇಳಿಸಿತು. ಆಗಲೂ ಬಾಗಿಲು ಸೊಂಟದ ಮಟ್ಟಕ್ಕೆ ತೆರೆದೇ ಇತ್ತು.

ಆಮೇಲೆ ಗಾಳಿ ಬಂತು. ಕೂಸಿನ ಟೊಪ್ಪಿಗೆಯ ದಾರ ಅಲುಗಿದ್ದನ್ನು ನೋಡಿದೆ. ಎದ್ದು ಹೋಗಿ, ಸದ್ದಾದರೆ ಏಳುತ್ತಾರೆಂದು ಎರಡೂ ಕೈಯಿಂದ ಹಿಡಿದು, ನಿಧಾನಕ್ಕೆ ಬಾಗಿಲನ್ನು ಕೆಳಗಿಳಿಸಿದೆ. ಬೆಚ್ಚಗಾಗಲಿ, ಆಮೇಲೆ ಎತ್ತಿದರಾಯಿತು ಎಂದುಕೊಂಡೆ. ಅಳವಿ ಪಾಯಸ ಕುದಿಸಲು ಅಡುಗೆಮನೆಗೆ ಬಂದೆ. ಹೊಗೆ ಪಡಸಾಲೆಗೆ ಹೋದೀತೆಂದು ಆ ಒಳಬಾಗಿಲನ್ನೂ ಹಾಕಿಕೊಂಡೆ.

ಅಳವಿ ತಳ ಹತ್ತುತ್ತದೆ, ಕೈಯಾಡಿಸುತ್ತಲೇ ಇರಬೇಕು. ನಾನು ಕೈಯಾಡಿಸುತ್ತ ನಿಂತೆ. ಬಾಗಿಲ ನೆನಪೇ ಆಗಲಿಲ್ಲ.

ಅಂಗಡಿಗೆ ಹೋಗಿದ್ದ ಮಹಾಂತೇಶ ತಿರುಗಿ ಬಂದವರು ಅಂಗಳದಲ್ಲೇ ಮುಚ್ಚಿದ ಬಾಗಿಲನ್ನು ಕಂಡಿದ್ದರು. ಮನೆಯೊಳಗೆ ಓಡಿಬಂದು, ನನ್ನನ್ನು ದಾಟಿ, ಒಳಬಾಗಿಲು ತೆಗೆದರು. ಗಿರಿಜಾ ಮಂಚದಿಂದ ಅರ್ಧ ಕೆಳಗೆ ಜಾರಿದ್ದಳು, ವಾಂತಿ ಮಾಡಿಕೊಂಡಿದ್ದಳು. ಕೂಗಿದರೆ ಕಣ್ಣು ತೆರೆದಳು, ಆದರೆ ಆ ಕಣ್ಣು ಯಾರನ್ನೂ ನೋಡುತ್ತಿರಲಿಲ್ಲ. ಅವರು ಕೂಸನ್ನು ಎತ್ತಿ ನನ್ನ ಕೈಗೆ ಕೊಟ್ಟು, "ಹೊರಗ ಓಡ್ರಿ," ಎಂದರು. ಗಿರಿಜಾಳನ್ನು ಕಂಕುಳಿಗೆ ಕೈಹಾಕಿ ಎಳೆದುಕೊಂಡು ಅಡುಗೆಮನೆಗೆ ನಡೆದರು. ನಾನು — ನಾನೂ ಹಿಂದೆ ಬಂದೆ.

ಕಿಟಕಿಗಳನ್ನೆಲ್ಲ ತೆರೆದರು. ಗ್ಯಾರೇಜಿಗೆ ಮತ್ತೆ ನುಗ್ಗಿ ಮುಂದಿನ ಬಾಗಿಲನ್ನು ಮೇಲಕ್ಕೆ ಎಸೆದರು. ಆಂಬುಲೆನ್ಸಿಗೆ ಫೋನು ಮಾಡಿದರು. ಹಿತ್ತಲ ಬಾಗಿಲ ಚಳಿಯಲ್ಲಿ ಕೂಸು ಒಮ್ಮೆ ಕೆಮ್ಮಿ, ಅತ್ತಿತು. ಆಗ ಮಹಾಂತೇಶ ಗೋಡೆಗೆ ಒರಗಿ, ನನ್ನನ್ನಲ್ಲ, ಗೋಡೆಯನ್ನೇ ಕೇಳುವ ಹಾಗೆ ಕೇಳಿದರು — "ಬಾಗಲಾ ಯಾರು ಹಾಕಿದ್ರು?"

"ನೀವ ಹಾಕ್ಕೊಂಡು ಹೋದ್ರೆಲ್ರಿ," ಎಂದೆ.

ಅವರು ತಮ್ಮ ಬಲಗಾಲಿನ ಬೂಟನ್ನು ನೋಡಿಕೊಂಡರು. ಬಹಳ ಹೊತ್ತು ನೋಡಿಕೊಂಡರು.

ಯಾಕೆ ಹಾಗಂದೆ? ಹೆದರಿದ್ದೆ — ಪೊಲೀಸರು ಬರುತ್ತಾರೆ, ಊರಿಗೆ ಅಟ್ಟುತ್ತಾರೆ, ಗಿರಿಜಾ ಇನ್ನು ನನ್ನ ಮುಖ ನೋಡುವುದಿಲ್ಲ ಎಂದು. ಅದರ ಜೊತೆಗೆ, ಎಲ್ಲೋ ಒಂದು ಮೂಲೆಯಲ್ಲಿ, ಬದನೆಕಾಯಿ ಎಂದು ನಕ್ಕವರು ಇವರೇ ಎಂಬುದೂ ಇತ್ತೇನೋ. ಇರಲಿಲ್ಲ ಎಂದು ಆಣೆ ಮಾಡಿ ಹೇಳಲಾರೆ.

ಆಸ್ಪತ್ರೆಯಲ್ಲಿ ಇಬ್ಬರಿಗೂ ಆಮ್ಲಜನಕ ಕೊಟ್ಟರು. ಇಬ್ಬರೂ ಉಳಿದರು. ಗಿರಿಜಾಳಿಗೆ ಆ ಬೆಳಿಗ್ಗೆ ನಡೆದದ್ದು ಏನೂ ನೆನಪಿರಲಿಲ್ಲ. ಅವಳು ಮೊದಲು ಕೇಳಿದ್ದು ಕೂಸನ್ನು, ಎರಡನೆಯದು ಬಾಗಿಲನ್ನು. ಮಹಾಂತೇಶ ನನಗೆ ಬಾಯಿ ತೆರೆಯುವ ಅವಕಾಶವನ್ನೇ ಕೊಡದೆ, "ನಾನ ಹಾಕಿದ್ದೆ. ಚಟ," ಎಂದರು. ಅವಳು ಗಂಡನನ್ನು ನೋಡಿದ ನೋಟ ನನಗೆ ಇಂದಿಗೂ... ಅದನ್ನು ನಾನು ನನ್ನ ಮೇಲೆ ತೆಗೆದುಕೊಳ್ಳಬೇಕಿತ್ತು. ಮಂಚದ ಕಾಲಬುಡದಲ್ಲಿ ನಿಂತು ಅದು ಅವರ ಮೇಲೆ ಬೀಳುವುದನ್ನು ನೋಡಿದೆ.

ಮಕ್ಕಳ ಹಿತ ನೋಡುವ ಕಚೇರಿಯಿಂದ ಒಬ್ಬ ಹೆಣ್ಣುಮಗಳು ಮನೆಗೆ ಬಂದಳು. ನನಗೆ ಇಂಗ್ಲಿಷ್ ಬಾರದೆಂದು ಫೋನಿನಲ್ಲಿ ಕನ್ನಡದವರೊಬ್ಬರನ್ನು ಹಿಡಿದಳು. ಬೆಂಗಳೂರಿನ ಕಡೆಯ, ಬಹಳ ಮರ್ಯಾದೆಯ ದನಿ. "ಅಮ್ಮಾ, ಗಾಬರಿ ಪಡಬೇಡಿ. ಬಾಗಿಲು ಯಾರು ಹಾಕಿದ್ದು ಅಂತ ನಿಮಗೆ ಗೊತ್ತಾ?" ಎಂದಿತು. ನನ್ನ ಭಾಷೆಯಲ್ಲೇ ಕೇಳಿದ್ದರು. ತಿಳಿಯಲಿಲ್ಲ ಎಂಬ ನೆವಕ್ಕೆ ಜಾಗವಿರಲಿಲ್ಲ. "ಗೊತ್ತೈತ್ರಿ. ನಮ್ಮ ತಂಗಿ ಯಜಮಾನ್ರು," ಎಂದೆ. ಪಕ್ಕದ ಕುರ್ಚಿಯಲ್ಲಿ ಮಹಾಂತೇಶ ಕೂತಿದ್ದರು. ಹೌದೆಂದು ತಲೆಯಾಡಿಸಿದರು.

ವೀಸಾ ಮುಗಿಯುವ ಮೊದಲೇ ಊರಿಗೆ ಬಂದುಬಿಟ್ಟೆ.

ಇದು ಒಂದು ದಿನದ ಸುಳ್ಳಾಗಿ ಉಳಿಯಲಿಲ್ಲ. ಗಿರಿಜಾ ವಾರವಾರ ಫೋನು ಮಾಡುತ್ತಿದ್ದಳು. ಮಹಾಂತೇಶ ಮನೆಯಿಂದ ಹೊರಟು ಮೂರು ಸಲ ತಿರುಗಿ ಬಂದು ಬಾಗಿಲು, ಒಲೆ ನೋಡುತ್ತಾರಂತೆ. ಮಗಳನ್ನು ಒಬ್ಬರೇ ಎತ್ತಿಕೊಂಡು ಹೊರಗೆ ಹೋಗುವುದಿಲ್ಲವಂತೆ. ಎರಡನೆಯ ಮಗು ಬೇಡ, ನನ್ನ ಕೈಯಲ್ಲಿ ಮಕ್ಕಳು ಉಳಿಯುವುದಿಲ್ಲ ಎಂದರಂತೆ. "ಒಂದ ಮಾತು ಹೇಳಿದ್ನಕ್ಕಾ ಅವರಿಗೆ. ಒಂದ ಮಾತು," ಎಂದು ಅವಳು ಅತ್ತಾಗ ನಾನು ಏನೆಂದೆ ಗೊತ್ತೆ? "ಹೋಗ್ಲಿ ಬಿಡವಾ, ಗಂಡಸರಿಗೆ ಲಕ್ಷ್ಯ ಇರೂದಿಲ್ಲ," ಎಂದೆ. ಸಮಾಧಾನ ಮಾಡಿದೆ. ಅಷ್ಟು ವರ್ಷ ಅವಳ ಸಿಟ್ಟಿನ ಕೆಂಡಕ್ಕೆ ಊದಿದವಳು ನಾನು, ಅಕ್ಕನ ದನಿಯಲ್ಲಿ.

ಗಿರಿಜಾ ಕರೆದಾಗೆಲ್ಲ ನಮ್ಮ ಯಜಮಾನರನ್ನು ಒಬ್ಬರೇ ಬಿಟ್ಟು ಬರಲಾಗದು ಎಂದು ತಪ್ಪಿಸಿಕೊಂಡೆ. ಅವರು ತೀರಿಕೊಂಡ ಮೇಲೆ ಆ ನೆವ ಉಳಿಯಲಿಲ್ಲ. ಈ ಚಳಿಗಾಲಕ್ಕೆ ಮತ್ತೆ ಬಂದೆ.

ಬಂದ ಮರುದಿನ ಮಹಾಂತೇಶ, "ಅಕ್ಕಾರ, ನಿಮಗೊಂದು ತೋರಸ್ತೇನಿ ಬರ್ರಿ," ಎಂದು ಗ್ಯಾರೇಜಿನ ಒಳಬಾಗಿಲು ತೆಗೆದರು. ನಾನು ಹೊಸ್ತಿಲು ದಾಟಲಿಲ್ಲ. ಇಣುಕಿ ನೋಡಿದೆ. ಗೋಡೆಗಳಿಗೆ ದಪ್ಪ ಹಲಗೆ ಕೂರಿಸಿ ಬಿಳಿ ಬಣ್ಣ ಬಳಿದಿದ್ದರು. ನೆಲಕ್ಕೆ ಕಾರ್ಪೆಟ್. ತಗಡಿನ ಬಾಗಿಲ ಒಳಮೈಗೂ ಹಲಗೆ, ಅಂಚಿಗೆ ರಬ್ಬರು. ಮೂಲೆಯಲ್ಲಿ ಎಣ್ಣೆ ತುಂಬಿದ ವಿದ್ಯುತ್ ಹೀಟರು. ನಾನು ಕೂತು ರೊಟ್ಟಿ ಬಡಿಯುವ ಎತ್ತರಕ್ಕೆ ಒಂದು ಕಟ್ಟೆ, ಪಕ್ಕದಲ್ಲಿ ವಿದ್ಯುತ್ ಒಲೆ. ಮೇಲೆ ಎರಡು ಕಡೆ ಬಿಳಿಯ ಡಬ್ಬಿಗಳು, ಗಾಳಿಯಲ್ಲಿ ವಿಷ ಬೆರೆತರೆ ಕೂಗುವಂಥವು.

"ಒಳಗಿನ ಅಡಿಗಿಮನ್ಯಾಗ ನಿಮಗ ರೊಟ್ಟಿ ಬಡಿಯಾಕ ಬರೂದಿಲ್ಲಂತ ಮಾಡಿಸೇನಿ. ಬೆಚ್ಚಗೈತೆಲ್ರಿ?"

"ಬೆಚ್ಚಗೈತ್ರಿ," ಎಂದೆ.

ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಆ ಹೀಟರನ್ನು ಹಾಕಿ ಹೋಗುತ್ತಿದ್ದರು, ನಾನು ಬರುವ ಹೊತ್ತಿಗೆ ಕೋಣೆ ಕಾದಿರಲಿ ಎಂದು. ನಾನು ಅಲ್ಲಿ ಕೂತರೆ ಮತ್ತೆ ಮತ್ತೆ ಆ ತಗಡಿನ ಬಾಗಿಲ ಕಡೆ ನೋಡುತ್ತಿದ್ದೆ, ರೊಟ್ಟಿ ಹರಿಯುತ್ತಿತ್ತು. ಅದನ್ನು ಅವರು ಗಮನಿಸಿದರು. ಒಂದು ದಿನ ಬಾಗಿಲಲ್ಲೇ ನಿಂತು, "ಅಕ್ಕಾರ, ಅವತ್ತು ನಾ ಮಾಡಿದ್ದರಿಂದ ನಿಮಗೂ ಅಂಜಿಕಿ ಉಳದತಿ. ತಪ್ಪಾತ್ರಿ," ಎಂದರು.

ಅವರು ನನ್ನ ಕ್ಷಮೆ ಕೇಳಿದರು. ನಾನು ಹಿಟ್ಟು ನೋಡುತ್ತ ಕೂತೆ.

ಕೂಸು ಈಗ ಉದ್ದ ಜಡೆಯ ಹುಡುಗಿ, ಸಾನ್ವಿ. ನಾನು ಕನ್ನಡದಲ್ಲಿ ಕೇಳಿದರೆ ಅರ್ಧ ಇಂಗ್ಲಿಷಿನಲ್ಲಿ ಉತ್ತರ. ಒಂದು ಸಂಜೆ ಊಟಕ್ಕೆ ಕೂತಾಗ ಶಾಲೆಯ ಶಿಬಿರದ ಮಾತು ಬಂತು. ವಸಂತದಲ್ಲಿ ಅಪ್ಪಂದಿರು ಮಕ್ಕಳೊಂದಿಗೆ ಕಾಡಂಚಿನಲ್ಲಿ ಡೇರೆ ಹಾಕಿ ಒಂದು ರಾತ್ರಿ ಇರುವುದು, ಬೆಂಕಿ ಹಾಕಿ ಅಡುಗೆ ಮಾಡುವುದು. ಅವಳ ಗೆಳತಿಯರೆಲ್ಲ ಹೋಗುತ್ತಾರೆ. ನಾನು, "ನೀನೂ ಹೋಗು, ಅಪ್ಪನ ಕರಕೊಂಡು," ಎಂದೆ.

"ಇಟ್ಸ್ ಫೈನ್, ದೊಡ್ಡವ್ವ. ಡ್ಯಾಡ್ ಬೆಂಕಿ ಹತ್ರ ಬರೂದಿಲ್ಲ," ಎಂದಳು ಹುಡುಗಿ, ತಟ್ಟೆ ನೋಡುತ್ತ. ಅದರಲ್ಲಿ ದುಃಖವೂ ಇರಲಿಲ್ಲ. ಅಪ್ಪನಿಗೆ ಕನ್ನಡಕ ಇದೆ ಎನ್ನುವ ಹಾಗೆ ಹೇಳಿದಳು.

"ಗಿರಿಜಾ, ನೀನ ಹೋಗಿ ಬಾ ಆಕಿ ಜೋಡಿ," ಎಂದರು ಮಹಾಂತೇಶ.

"ಮತ್ತಿನ್ನೇನು. ನಿಮ್ಮ ಜೋಡಿ ಕಳಸ್ತೀನಿ ಅಂತ ಯಾರಂದ್ರು? ಒಂದ ಸಲ ನಂಬಿದ್ದ ಸಾಕಾಗೈತಿ."

ಅವರು ನೀರು ಕುಡಿದರು. ಲೋಟವನ್ನು ಸದ್ದಾಗದ ಹಾಗೆ ಕೆಳಗಿಟ್ಟರು. ಎಲ್ಲರೂ ಏನೂ ಆಗದವರ ಹಾಗೆ ಊಟ ಮುಂದುವರಿಸಿದರು. ಈ ಮನೆಯಲ್ಲಿ ಇದು ಹೊಸ ಮಾತಲ್ಲ ಎಂದು ನನಗೆ ತಿಳಿದದ್ದು ಆಗ.

ಮರುದಿನ ಮಧ್ಯಾಹ್ನ ಅವರು ಹೀಟರಿನ ತಿರುಪು ಸರಿಮಾಡುತ್ತ ಕೂತಿದ್ದಾಗ ಹೇಳಿಬಿಟ್ಟೆ. "ಅವತ್ತು ಬಾಗಲಾ ಹಾಕಿದಾಕಿ ನಾನ್ರಿ. ನೀವಲ್ಲ."

ಅವರು ತಲೆಯೆತ್ತಿ, ಮಕ್ಕಳನ್ನು ನೋಡುವ ಹಾಗೆ ನನ್ನನ್ನು ನೋಡಿ ನಕ್ಕರು. "ನಿನ್ನೆ ಆಕಿ ಅಂದದ್ದಕ್ಕ ನಿಮಗ ಸಂಕಟ ಆಗೈತಿ. ಅದಕ್ಕ ನಿಮ್ಮ ಮ್ಯಾಲೆ ಹಾಕ್ಕೊಳಾಕತ್ತೀರಿ. ಬ್ಯಾಡ್ರಿ ಅಕ್ಕಾರ."

"ಖರೇ ಹೇಳ್ತೇನ್ರಿ."

"ನನಗ ನೆನಪ ಐತೆಲ್ರಿ. ಎಳದದ್ದು ನೆನಪೈತಿ. ಬೂಟು ತಗಡಿಗೆ ಬಡದ ಸಪ್ಪಳ ಈಗೂ ಕೇಳತೈತಿ ನನಗ."

ಎಂದೂ ಆಗದ ಸದ್ದು ಅದು. ಆ ಬಾಗಿಲನ್ನು ನಾನು ಎರಡು ಕೈಯಿಂದ, ಸಪ್ಪಳವಿಲ್ಲದೆ ಇಳಿಸಿದ್ದೆ. ನನ್ನ ಒಂದು ಮಾತು ಅವರ ತಲೆಯೊಳಗೆ ಕಾಲು, ಬೂಟು, ಸದ್ದು ಎಲ್ಲ ಪಡೆದುಕೊಂಡು ಎಂಟು ವರ್ಷ ಬೆಳೆದಿತ್ತು. ಅವರು ಸುಳ್ಳು ಹೇಳುತ್ತಿರಲಿಲ್ಲ. ನೆನಪಿದ್ದದ್ದನ್ನೇ ಹೇಳುತ್ತಿದ್ದರು.

ಆಗ ನನಗೆ ಏನನ್ನಿಸಿತು ಎಂಬುದನ್ನು ಬಚ್ಚಿಡುವುದಿಲ್ಲ. ಹಾಯೆನಿಸಿತು. ಹೇಳಿದ್ದಾಯಿತು, ಅವರೇ ನಂಬಲಿಲ್ಲ, ಇನ್ನು ನಾನೇನು ಮಾಡಲಿ ಎಂದುಕೊಂಡೆ. ಮೆಟ್ಟಿಲು ಹತ್ತಿ ಕೋಣೆಗೆ ಹೋಗಿ ಮಲಗಿದೆ. ಮಲಗಿದ ಮೇಲೆ ತಿಳಿಯಿತು, ನಾನು ಹೇಳಿದ್ದು ಅರ್ಧವೇ. ಅವರು ನಂಬುವಂಥ ಅರ್ಧವನ್ನು ಬಾಯೊಳಗೇ ಇಟ್ಟುಕೊಂಡಿದ್ದೆ.

ಮೇಲೆ ನಾನು "ನಾನೂ ಹಿಂದೆ ಬಂದೆ" ಎಂದು ಬರೆದಿದ್ದೇನೆ. ಅಲ್ಲಿ ಒಂದು ಗೆರೆ ಎಳೆದು ದಾಟಿಬಿಟ್ಟಿದ್ದೇನೆ. ಹಿಂದೆಯೇ ಬರಲಿಲ್ಲ.

ಬಾಗಿಲು ಇಳಿಸಿದ ಮೇಲೂ ನೆಲಕ್ಕೂ ತಗಡಿಗೂ ನಡುವೆ ಸಂದು ಉಳಿದಿತ್ತು. ಅದರಿಂದಲೂ ಗಾಳಿ ಬರುತ್ತಿತ್ತು. ಕೂಸಿಗೆಂದು ಊರಿನಿಂದ ತಂದಿದ್ದ, ಹಳೆ ಸೀರೆ ಸೇರಿಸಿ ಹೊಲಿದ ದೊಡ್ಡ ಕೌದಿಯನ್ನು ಸುತ್ತಿ, ಆ ಸಂದಿನ ಉದ್ದಕ್ಕೂ ಕಾಲಿನಿಂದ ಒತ್ತಿ ತುರುಕಿದ್ದೆ. ಮುಚ್ಚಿದ ಬಾಗಿಲನ್ನು ಮತ್ತೆ ಎತ್ತದಿದ್ದದ್ದನ್ನು ಮರೆವು ಎನ್ನಬಹುದು. ಕೌದಿ ತುರುಕಿದ್ದನ್ನು ಏನೆನ್ನುವುದು? ಹೊರಗೆ ಹೋದ ಗಂಡಸು ಒಳಗಿನಿಂದ ಕೌದಿ ತುರುಕಲಾರ. ಮಹಾಂತೇಶ ಕೂಸನ್ನು ನನ್ನ ಕೈಗಿಟ್ಟು ಗಿರಿಜಾಳನ್ನು ಎಳೆದುಕೊಂಡು ಹೋದಾಗ ನನ್ನ ಕಣ್ಣು ಮೊದಲು ಹೋದದ್ದು ಕೂಸಿನ ಮುಖಕ್ಕಲ್ಲ, ಆ ಕೌದಿಗೆ. ಹೊರಗೆ ಓಡಿ ಎಂದಿದ್ದರು. ನಾನು ಗ್ಯಾರೇಜಿನ ಆ ತುದಿಗೆ ನಡೆದೆ. ಬಗ್ಗಿದೆ. ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯಿಂದ ಕೌದಿ ಎಳೆದೆ. ಒಂದು ಕೊನೆ ಸಿಕ್ಕಿಕೊಂಡಿತ್ತು, ಬಿಡಿಸಿದೆ. ಕೊಡವಿ, ಅದರಲ್ಲೇ ಕೂಸನ್ನು ಸುತ್ತಿಕೊಂಡು ಹೊರಗೆ ಬಂದೆ. ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ಉಸಿರಿಗೆ ಒದ್ದಾಡುವ ಕೂಸಿಗೆ ಅದು ಎಷ್ಟು ಹೊತ್ತೋ — ಅದೂ ಗೊತ್ತಿಲ್ಲ. ಆಂಬುಲೆನ್ಸಿನವರು ಕೂಸನ್ನು ಬೆಚ್ಚಗೆ ಸುತ್ತಿದ್ದೀರಿ ಎಂದು ನನ್ನ ಬೆನ್ನು ತಟ್ಟಿದ್ದರು.

ಭಾನುವಾರ ಸಾನ್ವಿ ಈಜಿನ ತರಗತಿಗೆ ಹೋಗಿದ್ದಳು. ಗಿರಿಜಾ ಮೇಜಿನ ಮೇಲೆ ಬಟ್ಟೆ ಮಡಚುತ್ತಿದ್ದಳು, ಮಹಾಂತೇಶ ಅಲ್ಲೇ ಕೂತು ಫೋನು ನೋಡುತ್ತಿದ್ದರು. ಇಬ್ಬರೆದುರಿಗೂ ಹೇಳಿದೆ. ಸ್ಪ್ರೇ, ಕಾರಿನ ಸದ್ದು, ಗಾಳಿ, ಎರಡು ಕೈ. ಮಹಾಂತೇಶ, "ಅಕ್ಕಾರ, ಮತ್ತ ಶುರು ಮಾಡಿದ್ರೇನು," ಎಂದರು. ನಾನು ನಿಲ್ಲಿಸಲಿಲ್ಲ. ಕೌದಿಯವರೆಗೂ ಹೋದೆ.

ಗಿರಿಜಾಳ ಕೈಯಲ್ಲಿ ಮಗಳ ಶಾಲೆಯ ಅಂಗಿ ಇತ್ತು. ಅದನ್ನು ಮಡಚಿ ಮುಗಿಸಿದಳು. ಡಾಕ್ಟರು ಕೇಳುವ ದನಿಯಲ್ಲಿ ಒಂದೇ ಮಾತು ಕೇಳಿದಳು.

"ಆಗ ಕೂಸು ಉಸಿರಾಡಾಕತ್ತಿತ್ತೇನು? ನೋಡಿದ್ಯೇನು?"

"ನೋಡಲಿಲ್ಲ," ಎಂದೆ.

ಅವಳು ಎದ್ದು ಹೋಗಿ ಗಂಡನ ಹೆಗಲ ಮೇಲೆ ಕೈ ಇಟ್ಟಳು. ಅವರು ಬೆಚ್ಚಿ ಸ್ವಲ್ಪ ಪಕ್ಕಕ್ಕೆ ಸರಿದರು. ಸಿಟ್ಟಿನಿಂದಲ್ಲ, ರೂಢಿ ತಪ್ಪಿದ್ದರಿಂದ. ಅವಳು, "ನಾನು ನಿಮಗ ಇಷ್ಟು ವರ್ಷ..." ಎಂದಳು. ನಾನು ಅಲ್ಲಿಂದ ಎದ್ದು ಹೋದೆ. ಅದನ್ನು ನೋಡುವ ಹಕ್ಕು ನನ್ನದಲ್ಲ.

ಅಂದಿನಿಂದ ಗಿರಿಜಾ ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಾಳೆ. ಊಟಕ್ಕೆ ಕರೆಯುತ್ತಾಳೆ, ಬಿಪಿ ಮಾತ್ರೆ ತೆಗೆದುಕೊಂಡಿರಾ ಎಂದು ಕೇಳುತ್ತಾಳೆ. 'ನೀನು' ಎಂದು ನನ್ನ ಕುತ್ತಿಗೆಗೆ ಜೋತುಬೀಳುತ್ತಿದ್ದ ಹುಡುಗಿ ಈಗ 'ನೀವು' ಎನ್ನುತ್ತಾಳೆ. ಟಿಕೆಟ್ಟಿನ ದಿನ ಬಂದಾಗ ವಿಮಾನ ನಿಲ್ದಾಣದವರೆಗೆ ಬರುತ್ತಾಳೋ ಇಲ್ಲವೋ, ಕೇಳಿಲ್ಲ. ಕ್ಷಮಿಸು ಎಂದೂ ಕೇಳಿಲ್ಲ. ಕೊಡಬೇಕಾದದ್ದು ಬಾಕಿ ಇರುವವರು ಮತ್ತೆ ಕೈಯೊಡ್ಡಬಾರದು.

ಮಹಾಂತೇಶ ಮಾತ್ರ ನನ್ನ ಹತ್ತಿರ ಬರುತ್ತಾರೆ. ಮೊನ್ನೆ ನಾನು ಬಟಾಣಿ ಸುಲಿಯುತ್ತಿದ್ದೆ. ಎದುರಿನ ಕುರ್ಚಿ ಎಳೆದುಕೊಂಡು ಕೂತರು.

"ಅಕ್ಕಾರ, ನೀವು ಹೇಳಿದ್ದು ಖರೇ ಅಂತ ತಿಳೀತತಿ. ಆದ್ರ ಕಣ್ಣು ಮುಚ್ಚಿದ್ರ ಮತ್ತ ನನ್ನ ಕಾಲ ಕಾಣಸ್ತೈತಿ. ಇನ್ನೊಮ್ಮೆ ಹೇಳ್ರಿ."

ಹೇಳಿದೆ. ನೀವು ಬಗ್ಗಿ ಒಳಗ ಬಂದ್ರಿ. ಹಲಗಿ ಮ್ಯಾಲಿಂದ ಸ್ಪ್ರೇ ತಗೊಂಡ್ರಿ. ಮಲಗ್ಯಾರೇನು ಅಂತ ಕೇಳಿದ್ರಿ. ಬಗ್ಗಿ ಹೊರಗ ಹೋದ್ರಿ. ಬಾಗಲಾ ಮುಟ್ಟಲಿಲ್ಲ. ಕಾರು ಹೋತು. ಆಗೂ ಬಾಗಲಾ ತೆಗೆದ ಇತ್ತು. ಆಮ್ಯಾಲೆ ನಾ ಎದ್ದೆ.

ಅವರು ಕಣ್ಣು ಮುಚ್ಚಿ, ತುಟಿಯೊಳಗೇ ಒಂದೊಂದನ್ನೂ ಅನ್ನುತ್ತ ಕೇಳಿದರು, ಮಕ್ಕಳು ಮಗ್ಗಿ ಕಲಿಯುವ ಹಾಗೆ. ನಿನ್ನೆ ಮತ್ತೆ ಬಂದರು. ಇವತ್ತು ಬೆಳಿಗ್ಗೆಯೂ. ಪ್ರತಿ ಸಲವೂ ನಾನು ಕೌದಿಯವರೆಗೆ ಹೇಳಬೇಕು, ಕೂಸನ್ನು ಹಿಡಿದುಕೊಂಡು ಆ ತುದಿಗೆ ನಡೆದು, ಬಗ್ಗಿ, ಎಳೆಯಬೇಕು. ನಡುವೆ ಬಿಟ್ಟರೆ ಅವರಿಗೆ ನಂಬಿಕೆ ಬರುವುದಿಲ್ಲ. ಬಿಡುವುದಿಲ್ಲ. ಇಲ್ಲಿರುವಷ್ಟು ದಿನ ಎದುರಿಗೆ ಕೂತು, ಊರಿಗೆ ಹೋದ ಮೇಲೆ ಫೋನಿನಲ್ಲಿ — ಅವರು ಕೇಳಿದಷ್ಟು ಸಲ ಹೇಳುತ್ತೇನೆ.